ಯೆರಿಕೋ ಗೋಡೆ ಇರ್ಲಿ, ಬಾವಿ ಕಡೆ ಬನ್ನಿ

"ಇಸ್ರಾಯೇಲರು ಕಾನಾನ್ ನಾಡಿನ ಜನರ ಜೊತೆ ಮೆಲ್ಲಗೆ ಬೆರೆತು ನೆಲೆ ನಿಂತ್ರು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಾದ್ರೆ ಯೆರಿಕೋ ಗೋಡೆ ಬಿದ್ದಿದ್ದು ಸುಳ್ಳಾ? ಯುದ್ಧ ಮಾಡದೆ ಭೂಮಿ ಯಾರಿಗೆ ಸಿಕ್ಕಿದೆ ಸ್ವಾಮಿ?"
– ಒಬ್ಬ ಹಳೇ ಚಂದಾದಾರರು

ಪತ್ರದಲ್ಲಿ ಕೋಪ ಇದೆ, ಆದ್ರೆ ಯಾವ್ದೋ ಫಾರ್ವರ್ಡ್ ಮೆಸೇಜ್ ನೋಡಿ ಬಂದ ಕೋಪ ಅಲ್ಲ, ಬೈಬಲ್ಲಿನ ಯೆಹೋಶುವನ ಪುಸ್ತಕ ಪೂರ್ತಿ ಓದೇ ಬರೆದಿದ್ದೀರಿ, ಅದಕ್ಕೆ ಮೊದಲು ನಮಸ್ಕಾರ. ಇಸ್ರಾಯೇಲರ ನಾಯಕ ಯೆಹೋಶುವ ಕಾನಾನನ್ನ, ಅಂದ್ರೆ ಇವತ್ತಿನ ಇಸ್ರೇಲ್-ಪ್ಯಾಲೆಸ್ತೀನ್ ಕಡೆಯ ನಾಡನ್ನ, ಯುದ್ಧ ಮಾಡಿ ಗೆದ್ದ, ಯೆರಿಕೋ ಪಟ್ಟಣದ ಗೋಡೆ ತಾನಾಗೇ ಬಿತ್ತು ಅನ್ನೋದು ಅಲ್ಲಿಯ ಕಥೆ. ನಿಮ್ಮ ಕಡೆಗೂ ಸಾಕ್ಷಿ ಇಲ್ದೇ ಇಲ್ಲ. ಯೆಹೋಶುವ ಸುಟ್ಟ ಅಂತ ಆ ಪುಸ್ತಕ ಹೇಳೋ ಹಾಚೋರ್ ಪಟ್ಟಣ ಕ್ರಿ.ಪೂ. 13ನೇ ಶತಮಾನದಲ್ಲಿ ಸುಟ್ಟು ಬೂದಿಯಾಗಿತ್ತು ಅನ್ನೋದು 1955ರಿಂದ ಅಲ್ಲಿ ಅಗೆದ ಪುರಾತತ್ವಜ್ಞ ಯಿಗಾಯೆಲ್ ಯಾದಿನ್‌ಗೆ ಕಣ್ಣಾರೆ ಕಂಡಿದ್ದು. ಸುಟ್ಟೋರು ಯಾರು ಅಂತ ಇವತ್ತಿಗೂ ಜಗಳ. ಇದೊಂದು ನಿಮಗೇ ಬಿಟ್ಟೆ.

ಯೆರಿಕೋ ಬಿಡಲ್ಲ. 1930ರ ದಶಕದಲ್ಲಿ ಪುರಾತತ್ವಜ್ಞ ಗಾರ್ಸ್ಟಾಂಗ್ ಅಲ್ಲಿ ಅಗೆದು, ಯೆಹೋಶುವ ಬೀಳಿಸಿದ ಗೋಡೆ ಇದೇ ಅಂದ್ರು. 1952ರಿಂದ ಕ್ಯಾಥ್ಲೀನ್ ಕೆನ್ಯನ್ ಪದರ ಪದರವಾಗಿ ಬಿಡಿಸಿ ನೋಡಿದ್ರೆ ಆ ಗೋಡೆ ಯೆಹೋಶುವನಿಗಿಂತ ಸಾವಿರ ವರ್ಷ ಹಳೇದು! ಆಮೇಲೆ ಎದ್ದ ಪಟ್ಟಣವೂ ಕ್ರಿ.ಪೂ. 1550ರ ಹೊತ್ತಿಗೇ ನೆಲಸಮ. ಯೆಹೋಶುವ ಗೆದ್ದ ಅನ್ನೋ ಇನ್ನೊಂದು ಊರು ಆಯಿ ಅಂತೂ, ಹೀಬ್ರೂನಲ್ಲಿ ಆ ಹೆಸರಿಗೆ ಅರ್ಥವೇ ಪಾಳು, ಸಾವಿರ ವರ್ಷದಿಂದ ಪಾಳು ಬಿದ್ದಿದ್ದ ಊರನ್ನ ಯಾರು ಗೆಲ್ಲಬೇಕಿತ್ತು? ನೀವು ಯೆಹೋಶುವ ಮುಗಿಸಿ ಪುಸ್ತಕ ಮುಚ್ಚಿದ್ರಿ ಅನ್ಸುತ್ತೆ. ಒಂದು ಪುಟ ಮಗುಚಿದ್ರೆ ಬೈಬಲ್ಲಿನ ಮುಂದಿನ ಪುಸ್ತಕ ನ್ಯಾಯಸ್ಥಾಪಕರು, ಅದರ ಮೊದಲ ಅಧ್ಯಾಯದಲ್ಲೇ ಗೆಜೆರ್‌ನವರನ್ನ ಓಡಿಸೋಕಾಗಲಿಲ್ಲ, ಮೆಗಿದ್ದೋದವರು ಜಪ್ಪಯ್ಯ ಅನ್ನಲಿಲ್ಲ, ಬಯಲಿನವರ ಹತ್ರ ಕಬ್ಬಿಣದ ರಥ ಇತ್ತು ಅಂತ ಬರೆದೋರೇ ಒಪ್ಕೊಂಡಿದ್ದಾರೆ.

ಇನ್ನು ಕಾನಾನಿನ ಬೆಟ್ಟದ ಕಡೆ. ಕ್ರಿ.ಪೂ. 1200ರ ಈಚೆಗೆ ಸುಮಾರು 250 ಪುಟ್ಟ ಹಳ್ಳಿಗಳು ಹುಟ್ಕೊಂಡಿವೆ, ಕೋಟೆ ಇಲ್ಲ, ಅರಮನೆ ಇಲ್ಲ, ಮಳೆನೀರಿಗೆ ಬಂಡೆ ಕೊರೆದ ತೊಟ್ಟಿ, ಕಾಳು ತುಂಬೋಕೆ ದೊಡ್ಡ ಗುಡಾಣ, ತಿಪ್ಪೆಯಲ್ಲಿ ಹಂದಿ ಮೂಳೆ ಇಲ್ಲವೇ ಇಲ್ಲ ಅನ್ನಬಹುದು. ಮಡಕೆ ಮಾತ್ರ ಕಾನಾನಿನವರದ್ದೇ ಮಾಟ. ಅಂದ್ರೆ ಇಸ್ರಾಯೇಲರಲ್ಲಿ ಹೆಚ್ಚಿನವರು ಅಲ್ಲೇ ಇದ್ದ ಕುರಿಗಾಹಿಗಳು, ಊರು ಬಿಟ್ಟ ರೈತರು ಅನ್ನೋರ ಪಕ್ಷ ನಂದು. ರಾಜರ ಮಾತು ನಂಬೋಕಾಗಲ್ಲ ಮಾರಾಯರೇ. ಇಸ್ರಾಯೇಲ್ ಅನ್ನೋ ಹೆಸರು ಶಾಸನದಲ್ಲಿ ಖಚಿತವಾಗಿ ಮೊದಲ ಸಲ ಕಾಣೋದೇ ಕ್ರಿ.ಪೂ. 1208ರ ಸುಮಾರಿಗೆ, ಈಜಿಪ್ಟಿನ ರಾಜ ಮೆರ್ನೆಪ್ತಾ ಕೆತ್ತಿಸಿದ ಕಲ್ಲಲ್ಲಿ, ಅದೂ ಹೇಗೆ ಅಂದ್ರೆ ಇಸ್ರಾಯೇಲ್ ಹಾಳಾಯ್ತು, ಅದರ ಬೀಜವೇ ಉಳಿದಿಲ್ಲ ಅಂತ!

ನನಗೆ ಇಷ್ಟ ಆಗೋದು ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ಬಾವಿಗಳು. ಗೆರಾರ್ ಕಣಿವೆಯಲ್ಲಿ ಇಸ್ರಾಯೇಲರ ಪೂರ್ವಜ ಇಸಾಕನ ಆಳುಗಳು ಬಾವಿ ತೋಡ್ತಾರೆ, ಅಲ್ಲಿಯ ಕುರುಬರು ಬಂದು ನೀರು ನಮ್ದು ಅಂತಾರೆ. ಇಸಾಕ ಆ ಬಾವಿಗೆ ಜಗಳ ಅಂತಲೇ ಹೆಸರಿಟ್ಟು ಮುಂದೆ ಹೋಗ್ತಾನೆ. ಎರಡನೇದಕ್ಕೆ ಹಗೆ ಅಂತ. ಮೂರನೇದಕ್ಕೆ ಯಾರೂ ತಕರಾರು ಮಾಡಲಿಲ್ಲ, ಅದು ರೆಹೋಬೋತ್, ಅಂದ್ರೆ ಬೇಕಾದಷ್ಟು ಜಾಗ. ಅವನಪ್ಪ ಅಬ್ರಹಾಮನದ್ದು ಇನ್ನೂ ಚೆಂದ. ಹೆಂಡತಿ ಹೂಳೋಕೆ ಜಾಗ ಇಲ್ಲ, ಹೊಲದ ಯಜಮಾನ ಎಫ್ರೋನ ಮೊದಲು ಸುಮ್ನೆ ತಗೊಳ್ಳಿ ಅಂತಾನೆ, ಆಮೇಲೆ ನಾನೂರು ಶೆಕೆಲ್ ಬೆಳ್ಳಿ ನಮ್ಮಿಬ್ಬರ ಮಧ್ಯೆ ಏನು ಮಹಾ ಅಂತ ರೇಟು ತೇಲಿಬಿಡ್ತಾನೆ, ಥೇಟ್ ಸೈಟ್ ಬ್ರೋಕರ್. ಅಬ್ರಹಾಮ ಚೌಕಾಸಿ ಮಾಡದೆ ಊರಬಾಗಿಲಲ್ಲಿ ಎಲ್ಲರೆದುರು ತೂಗಿ ಕೊಟ್ಟ. ಮಕ್ಪೇಲದ ಹೊಲ, ಗವಿ, ಸುತ್ತಲಿನ ಮರ ಸಮೇತ ಅಂತ ಬರೆದಿದೆ ನೋಡಿ, ನಮ್ಮ ಕ್ರಯಪತ್ರದ ಚಕ್ಕುಬಂದಿ ಓದಿದ ಹಾಗೇ ಇರುತ್ತೆ. ಯುದ್ಧ ಮಾಡದೆ ಯಾರಿಗೆ ಸಿಕ್ಕಿದೆ ಅಂದ್ರಲ್ಲ, ಇವನಿಗೆ ಸಿಕ್ತು, ದುಡ್ಡು ಸ್ವಲ್ಪ ಜಾಸ್ತಿ ಆಯ್ತು ಅಷ್ಟೇ.

ತಪ್ಪು ನಿಮ್ಮೊಬ್ಬರದ್ದೂ ಅಲ್ಲ ಬಿಡಿ. ಶಾಲೆಯಲ್ಲಿ ನಮಗೆ ಕಲಿಸಿದ್ದೇ ಯಾವ ಇಸವಿಯಲ್ಲಿ ಯಾರು ಯಾರನ್ನ ಸೋಲಿಸಿದ್ರು ಅಂತ, ಆ ವರ್ಷ ರಾಗಿ ಯಾರು ಬಿತ್ತಿದ್ರು ಅಂತ ಯಾವ ಮೇಷ್ಟ್ರೂ ಕೇಳಲಿಲ್ಲ. ನಾವೇ ಒಂದ್ಸಲ ಮುಖಪುಟಕ್ಕೆ ಬಾವಿ ಚಿತ್ರ ಹಾಕಿದ್ವಿ, ಏಜೆಂಟರ ಹತ್ರದಿಂದ ಬಂಡಲ್ ಬಂಡಲ್ ವಾಪಸ್ ಬಂತು. ಮುಂದಿನ ತಿಂಗಳು ಕತ್ತಿ ಹಾಕಿದ್ವಿ. ಒಂದೂ ಉಳೀಲಿಲ್ಲ.