ವಯಸ್ಸಾದವರಲ್ಲಿ ಕಿವಿ, ಕಣ್ಣು ಮಂದವಾಗುವುದಕ್ಕೂ ಖಿನ್ನತೆಗೂ ಸಂಬಂಧವಿದೆಯೇ?

ಸಂಬಂಧವಿದೆ, ಭಾಗಶಃ ಅದು ಒಂಟಿತನದ ಮೂಲಕ ಏರ್ಪಡುತ್ತದೆ. ಮುಪ್ಪಿನ ಕಿವುಡು ಸಾಮಾನ್ಯವಾಗಿ ಮೊದಲು ಹೆಚ್ಚಿನ ಕಂಪನಾಂಕದ ಧ್ವನಿಗಳನ್ನು ಕುಂದಿಸುವುದರಿಂದ ಸ, ಶ, ತ ಮುಂತಾದ ವ್ಯಂಜನಗಳು ಅಸ್ಪಷ್ಟವಾಗಿ, ಮಾತು ಕೇಳಿಸಿದರೂ ಅರ್ಥವಾಗುವುದಿಲ್ಲ. ಪದೇ ಪದೇ ‘ಏನು?’ ಎಂದು ಕೇಳಲು ಸಂಕೋಚಪಡುವ ಹಿರಿಯರು ಕ್ರಮೇಣ ಸಂಭಾಷಣೆಯಿಂದಲೇ ಹಿಂದೆ ಸರಿಯುತ್ತಾರೆ. ದೃಷ್ಟಿ ಕುಂದಿದರೆ ಓದು, ಓಡಾಟ ಎರಡೂ ಕಡಿಮೆಯಾಗುತ್ತವೆ. ಎರಡು ಇಂದ್ರಿಯಗಳೂ ಒಟ್ಟಿಗೆ ಸೋತಾಗ, ತುಟಿಯ ಚಲನೆ ನೋಡಿ ಮಾತನ್ನು ಗ್ರಹಿಸುವ ದಾರಿಯೂ ಮುಚ್ಚುವುದರಿಂದ ಅಪಾಯ ಇನ್ನಷ್ಟು ಹೆಚ್ಚು. ಇಂಥ ಮೌನವನ್ನು ವಯಸ್ಸಿನ ಸಹಜ ಲಕ್ಷಣವೆಂದು ಮನೆಯವರು ತಳ್ಳಿಹಾಕುವುದೇ, ನನ್ನ ಅಭಿಪ್ರಾಯದಲ್ಲಿ, ದೊಡ್ಡ ತೊಡಕು. ಶ್ರವಣಸಾಧನ, ಸರಿಯಾದ ಕನ್ನಡಕ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನೆರವಾಗುತ್ತವೆ. ಆದರೂ ಬೇಸರ, ನಿರಾಸಕ್ತಿ, ನಿದ್ರಾಭಂಗ 2 ವಾರ ಮೀರಿ ಉಳಿದರೆ ಖಿನ್ನತೆಗೆ ಪ್ರತ್ಯೇಕವಾಗಿ ವೈದ್ಯರನ್ನು ಕಾಣಬೇಕು.