ತಮಿಳುನಾಡಿನ ಗಡಿ ಊರಾದ ಹೊಸೂರು ಬೆಳೆದಂತೆಲ್ಲ ಹಳೆಯ ಬಾಡಿಗೆದಾರರು ಯಾಕೆ ಊರಾಚೆ ಹೋಗುತ್ತಿದ್ದಾರೆ?

ಬಾಡಿಗೆ ನಿಗದಿಯಾಗುವುದು ಈಗ ಮನೆಯಲ್ಲಿರುವವರ ಸಂಬಳ ನೋಡಿ ಅಲ್ಲ, ನಾಳೆ ಬರಬಹುದಾದವರ ಸಂಬಳ ನೋಡಿ. ಬೆಂಗಳೂರು ಇಲ್ಲಿಂದ ಸುಮಾರು 40 ಕಿ.ಮೀ., ಎಲೆಕ್ಟ್ರಾನಿಕ್ ಸಿಟಿ ಇನ್ನೂ ಹತ್ತಿರ. ಅಲ್ಲಿ ದುಡಿಯುವವರಿಗೆ ಹೊಸೂರಿನ ಬಾಡಿಗೆ ಅಗ್ಗ. ಬೀದಿಯಲ್ಲಿ ಒಬ್ಬರು ಹೆಚ್ಚು ಕೊಟ್ಟರೆ ಸಾಕು, ಉಳಿದ ಮಾಲೀಕರೂ ಅದೇ ಲೆಕ್ಕ ಹಿಡಿಯುತ್ತಾರೆ. ಯಾರೂ ಯಾರನ್ನೂ ಹೊರದಬ್ಬುವುದಿಲ್ಲ. 11 ತಿಂಗಳ ಕರಾರು ಮುಗಿದಾಗ ಹೊಸ ದರ ಹೇಳುತ್ತಾರೆ, ಅಷ್ಟೇ.

ಸ್ವಂತ ಮನೆಯವರಿಗೆ ಇದು ಲಾಭವೇ. ಬಾಡಿಗೆಯವರಿಗೆ ಆಗುವ ನಷ್ಟ ಮಾತ್ರ ಬಾಡಿಗೆ ಚೀಟಿಯಲ್ಲಿ ಕಾಣುವುದಿಲ್ಲ. ತಿಂಗಳ ಕೊನೆಯ ವಾರ ಅಕ್ಕಿ, ಎಣ್ಣೆಗೆ ಉದ್ರಿ ಬರೆದುಕೊಳ್ಳುವ ಅಂಗಡಿಯವರು ಹೊಸ ಬಡಾವಣೆಯಲ್ಲಿ ಇರುವುದಿಲ್ಲ, ಇದ್ದರೂ ಮುಖಪರಿಚಯವಿಲ್ಲದೆ ಕೊಡುವುದಿಲ್ಲ. ನಡೆದು ಹೋಗುತ್ತಿದ್ದ ಮನೆಗೆಲಸಕ್ಕೆ ಬಸ್ಸು ಹಿಡಿಯಬೇಕು. ಕನ್ನಡ ಮಾಧ್ಯಮದ ಶಾಲೆಯಂತೂ ತಮಿಳುನಾಡಿನಲ್ಲಿ ಪ್ರತಿ ಬಡಾವಣೆಯಲ್ಲಿ ಸಿಗುವಂಥದ್ದಲ್ಲ.

ಕಾನೂನು? ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ, ಕರಾರಿನಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ, ಮುಂಗಡವನ್ನು ಮೂರು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಆದರೆ ಬಾಡಿಗೆ ಎಷ್ಟೆಂಬುದನ್ನು ಇಬ್ಬರ ಒಪ್ಪಂದಕ್ಕೇ ಬಿಟ್ಟಿದೆ. ಹಾಗಾಗಿ ಎರಡು-ಮೂರು ವರ್ಷದ ಕರಾರು ಮಾಡಿಕೊಂಡು, ಪ್ರತಿ ವರ್ಷದ ಏರಿಕೆಯನ್ನೂ ಅದರಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.