ಫೋನಿನಲ್ಲಿ ಜಾಗ ಇಲ್ಲ, ಮಗಳ ಫೋಟೋ ಅಳಿಸಲು ಧೈರ್ಯ ಇಲ್ಲ. ಏನು ಮಾಡುವುದು?

ನೀವು ಬರೆದದ್ದನ್ನು ಎರಡು ಸಲ ಓದಿದೆ. 64 ಜಿಬಿಯ ಆಂಡ್ರಾಯ್ಡ್ ಫೋನು, ದಿನಾ 'ಸ್ಟೋರೇಜ್ ಫುಲ್' ಅಂತ ಗೋಳು, ಒಳಗೆ ಮಗಳು ಹುಟ್ಟಿದ ದಿನದಿಂದ ತೆಗೆದ ಎಂಟು ಸಾವಿರ ಚಿಲ್ಲರೆ ಫೋಟೋ. ನಿಮ್ಮ ಭಾವ 'ಎಲ್ಲಾ ಗೂಗಲ್ ಫೋಟೋಸ್‌ನಲ್ಲಿ ಇರತ್ತೆ, ಧೈರ್ಯವಾಗಿ ಡಿಲೀಟ್ ಮಾಡು' ಅಂದಿದ್ದಾರೆ, ನಿಮಗೆ ಧೈರ್ಯ ಬರುತ್ತಿಲ್ಲ. ಬರದೇ ಇದ್ದದ್ದು ಒಳ್ಳೆಯದೇ ಆಯಿತು.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಸಣ್ಣ ಊರೊಂದರಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಈಗ ನಮ್ಮಲ್ಲಿ ಫೋಟೋ ತೆಗೆಸಲು ಬರುವವರಿಗಿಂತ ಫೋನು ಹಿಡಿದುಕೊಂಡು 'ಇದನ್ನೊಂದು ಪ್ರಿಂಟ್ ಹಾಕಿಕೊಡಿ' ಅಂತ ಬರುವವರೇ ಜಾಸ್ತಿ. ಹಾಗಾಗಿ ಜನ ಫೋಟೋ ಹೇಗೆ ಕಳೆದುಕೊಳ್ಳುತ್ತಾರೆ ಅನ್ನುವುದು ಕೌಂಟರಿನ ಈಚೆಯಿಂದ ಚೆನ್ನಾಗಿ ಕಾಣುತ್ತದೆ. ಫೋನು ಹೊಳೆಗೆ ಬಿದ್ದು ಕಳೆದುಕೊಂಡವರಿದ್ದಾರೆ, ಬಸ್ಸಿನಲ್ಲಿ ಬಿಟ್ಟು ಬಂದವರಿದ್ದಾರೆ. ನಾನು ಕಂಡಂತೆ ಅವರೆಲ್ಲರಿಗಿಂತ ಹೆಚ್ಚು ಮಂದಿ ತಮ್ಮ ಕೈಯಾರೆ ಅಳಿಸಿಕೊಂಡವರು.

ಅದರಲ್ಲಿ ನಾನೂ ಒಬ್ಬ. ಹಳೆ ಮನೆ ಕೆಡವುವ ಮೊದಲು ಅದರ ಜಗಲಿ, ಅಂಗಳ, ಅಟ್ಟದ ಏಣಿ ಎಲ್ಲವನ್ನೂ ಫೋನಿನಲ್ಲಿ ತೆಗೆದಿಟ್ಟಿದ್ದೆ. ಒಂದು ದಿನ ಜಾಗ ಸಾಲದೆ ಹೋಯಿತು. 'ಹೇಗಿದ್ದರೂ ಆನ್‌ಲೈನ್‌ನಲ್ಲಿ ಇದೆಯಲ್ಲ' ಅಂದುಕೊಂಡು ಗೂಗಲ್ ಫೋಟೋಸ್ ಆ್ಯಪಿನ ಒಳಗೇ ಕೂತು ಒಂದೊಂದನ್ನೇ ಒತ್ತಿ ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಬುಟ್ಟಿಯನ್ನೂ ಖಾಲಿ ಮಾಡಿದೆ, ಕಸ ಯಾಕೆ ಇಟ್ಟುಕೊಳ್ಳಬೇಕು ಅಂತ. ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಅಟ್ಟದ ಏಣಿಯ ಫೋಟೋ ಈಗ ಎಲ್ಲೂ ಇಲ್ಲ.

ಆಗಿದ್ದು ಇಷ್ಟೆ. ಗೂಗಲ್ ಫೋಟೋಸ್ ಅನ್ನುವುದು ನೀವು ತುಂಬಿಟ್ಟು ಬೀಗ ಹಾಕಿ ಬರುವ ಕಪಾಟು ಅಲ್ಲ. ಬ್ಯಾಕಪ್ (ಫೋಟೋದ ಪ್ರತಿ ತಾನಾಗಿ ಗೂಗಲ್‌ಗೆ ಹೋಗುವ ವ್ಯವಸ್ಥೆ) ಆನ್ ಇದ್ದಾಗ ಅದೂ ನಿಮ್ಮ ಫೋನೂ ಜೋಡಿ ಎತ್ತು ಇದ್ದ ಹಾಗೆ, ಒಂದು ತಿರುಗಿದರೆ ಇನ್ನೊಂದೂ ತಿರುಗುತ್ತದೆ. ಆ್ಯಪಿನಲ್ಲಿ ಫೋಟೋ ಆರಿಸಿ ಡಬ್ಬಿಯ ಚಿಹ್ನೆ ಒತ್ತಿದರೆ ಫೋನಿನದ್ದೂ ಹೋಗುತ್ತದೆ, ಗೂಗಲ್‌ನಲ್ಲಿ ಇದ್ದದ್ದೂ ಹೋಗುತ್ತದೆ. ಬ್ಯಾಕಪ್ ಆದ ಫೋಟೋ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಗದೇ ಇದ್ದದ್ದು 30 ದಿನ. ಅಷ್ಟರೊಳಗೆ ನೆನಪಾದರೆ ಪುಣ್ಯ.

ನಿಮಗೆ ಬೇಕಾದ ಬಟನ್ ಬೇರೆಯೇ ಇದೆ. ಬಲಗಡೆ ಮೇಲೆ ನಿಮ್ಮ ಮುಖವೋ ಹೆಸರಿನ ಮೊದಲ ಅಕ್ಷರವೋ ಇರುವ ಗುಂಡನೆಯ ಚಿತ್ರ ಇರುತ್ತದಲ್ಲ, ಅದನ್ನು ಒತ್ತಿದರೆ 'ಫ್ರೀ ಅಪ್ ಸ್ಪೇಸ್' ಅಂತ ಬರುತ್ತದೆ. ಅದು ಬ್ಯಾಕಪ್ ಆಗಿರುವುದನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ, ಆಚೆ ಇರುವ ಪ್ರತಿಯನ್ನು ಮುಟ್ಟುವುದಿಲ್ಲ. ಒಂದೆರಡು ಫೋಟೋ ಅಷ್ಟೇ ತೆಗೆಯಬೇಕಿದ್ದರೆ ಮೂರು ಚುಕ್ಕೆಯ ಮೆನುವಿನಲ್ಲಿ 'ಡಿಲೀಟ್ ಫ್ರಮ್ ಡಿವೈಸ್' ಇದೆ. ಎರಡೂ ಒಂದೇ ಕೆಲಸ. ಭಾವ ಹೇಳಿದ್ದು ಬಹುಶಃ ಇದನ್ನೇ, ಪದ ಮಾತ್ರ ತಪ್ಪಿತು.

ಆದರೆ ಇವತ್ತೇ ಅದನ್ನು ಒತ್ತಬೇಡಿ.

ಮೊದಲು ನೋಡಬೇಕಾದ್ದು, ಫೋಟೋ ಹೋಗುತ್ತಿರುವುದು ಯಾವ ಜಿಮೇಲ್‌ಗೆ ಅಂತ. ತಮಾಷೆ ಅಲ್ಲ. ನಮ್ಮ ಕಡೆ ಅರ್ಧ ಜನರ ಫೋನಿನಲ್ಲಿರುವುದು ಫೋನು ಕೊಂಡ ದಿನ ಅಂಗಡಿಯ ಹುಡುಗ ಮಾಡಿಕೊಟ್ಟ ಖಾತೆ. ಪಾಸ್‌ವರ್ಡ್ ಅವನೇ ಹಾಕಿದ್ದು, ಅವನೀಗ ಬೆಂಗಳೂರಿಗೆ ಹೋಗಿದ್ದಾನೆ. ಫೋನು ಕೆಟ್ಟ ದಿನ ಆ ಖಾತೆಯ ಒಳಗೆ ಹೋಗಲು ಇವರಿಗೆ ದಾರಿ ಇರುವುದಿಲ್ಲ. ಹಾಗಾಗಿ ಒಂದು ಪರೀಕ್ಷೆ ಮಾಡಿ: ಮನೆಯ ಇನ್ನೊಬ್ಬರ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬ್ರೌಸರ್ ತೆಗೆದು, ನಿಮ್ಮ ಜಿಮೇಲ್ ಮತ್ತು ಪಾಸ್‌ವರ್ಡ್ ಹಾಕಿ ಗೂಗಲ್ ಫೋಟೋಸ್‌ಗೆ ಹೋಗಿ. ಮಗಳ ನಾಮಕರಣದ ಫೋಟೋ ಹುಡುಕಿ. ಒಂದು ವಿಡಿಯೋ ಪೂರ್ತಿ ಓಡಿಸಿ ನೋಡಿ. ಅಲ್ಲಿ ಕಂಡರೆ ಇದೆ ಅಂತ ಅರ್ಥ. ನಿಮ್ಮ ಫೋನಿನಲ್ಲೇ ಆ್ಯಪ್ ತೆರೆದು 'ಕಾಣ್ತಿದೆಯಲ್ಲ' ಅಂದರೆ ಅದು ಪರೀಕ್ಷೆ ಆಗುವುದಿಲ್ಲ, ಏಕೆಂದರೆ ಆ್ಯಪು ಫೋನಿನಲ್ಲಿರುವುದನ್ನೂ ಆಚೆ ಇರುವುದನ್ನೂ ಒಟ್ಟಿಗೆ ಕಲಸಿ ತೋರಿಸುತ್ತದೆ. ಹಾಗೆಯೇ ಎರಡು ವರ್ಷ ಒಮ್ಮೆಯೂ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು, 2023ರಲ್ಲಿ ಈ ನಿಯಮ ತಂದರು. ಅಂಗಡಿ ಹುಡುಗನ ಖಾತೆಯ ಕಥೆ ಅದರಲ್ಲೂ ಮುಗಿಯಬಹುದು.

ಎರಡನೆಯದು ಲೆಕ್ಕ. ಪುಕ್ಕಟೆ ಸಿಗುವುದು 15 ಜಿಬಿ, ಅದೂ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 'ಅನ್‌ಲಿಮಿಟೆಡ್ ಫ್ರೀ' ಅನ್ನುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು, ಆದರೆ ಜನರ ಬಾಯಲ್ಲಿ ಇನ್ನೂ ಮುಗಿದಿಲ್ಲ. 2024ರ ಹೊತ್ತಿಗೆ ಆಂಡ್ರಾಯ್ಡ್‌ನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಇದೇ 15 ಜಿಬಿಯ ಪಾಲಿಗೆ ಬಂತು. ನಿಮ್ಮ ಎಂಟು ಸಾವಿರ ಫೋಟೋಗಳಿಗೆ ತಲಾ 4 ಎಂಬಿ ಹಿಡಿದರೂ 32 ಜಿಬಿ ಆಗುತ್ತದೆ, ವಿಡಿಯೋ ಬಿಟ್ಟು. ಅಂದರೆ ಅರ್ಧ ದಾರಿಗೇ ಬ್ಯಾಕಪ್ ನಿಂತಿರುವ ಸಾಧ್ಯತೆ ದಂಡಿಯಾಗಿದೆ. ತುಂಬಿದ ಮೇಲೆ ಜಿಮೇಲ್‌ಗೆ ಮೇಲ್ ಬರುವುದೂ ನಿಲ್ಲುತ್ತದೆ. ದುಡ್ಡು ಕೊಟ್ಟು ಗೂಗಲ್‌ನ 100 ಜಿಬಿಗೆ ನಾನು ಸೇರಿಕೊಂಡಾಗ ತಿಂಗಳಿಗೆ 130 ರೂಪಾಯಿ ಇತ್ತು. ಮಗಳ ಫೋಟೋಗೆ ಅದು ದುಬಾರಿ ಅಂತ ನನಗನ್ನಿಸುವುದಿಲ್ಲ, ಆದರೆ ಕೊಡಲೇಬೇಕು ಅಂತಲೂ ಹೇಳುವುದಿಲ್ಲ. ಮುಂದೆ ಹಾರ್ಡ್ ಡಿಸ್ಕಿನ ವಿಷಯಕ್ಕೆ ಬರುತ್ತೇನೆ.

ಗೂಗಲ್ ಫೋಟೋಸ್‌ನಲ್ಲಿ 'ಸ್ಟೋರೇಜ್ ಸೇವರ್' ಹಾಕಿದರೆ ಫೋಟೋ ಹಾಳಾಗುತ್ತದಾ ಅಂತಲೂ ಕೇಳಿದ್ದೀರಿ. ಅದು 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದನ್ನು 16ಕ್ಕೆ ಇಳಿಸುತ್ತದೆ, ವಿಡಿಯೋವನ್ನು 1080ಪಿ, ಅಂದರೆ ಫುಲ್ ಎಚ್‌ಡಿಗೆ ಇಳಿಸುತ್ತದೆ. ಸಾಮಾನ್ಯ ಫೋನು ತೆಗೆಯುವುದೇ 12 ಮೆಗಾಪಿಕ್ಸೆಲ್. ಪ್ರಿಂಟ್ ಹಾಕುವವನಾಗಿ ಹೇಳುತ್ತೇನೆ, ಗೋಡೆಗೆ ಹಾಕುವ ಫ್ರೇಮಿಗೂ ಅದು ಸಾಕು.

ಸಾಲದೇ ಇರುವುದು ವಾಟ್ಸ್ಆ್ಯಪ್ ಫೋಟೋ. ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. ಯಜಮಾನರು ತೀರಿಹೋಗಿ ಹತ್ತು ದಿನ, ವೈಕುಂಠ ಸಮಾರಾಧನೆಗೆ ದೊಡ್ಡ ಫೋಟೋ ಬೇಕು, 12 ಇಂಟು 18 ಇಂಚು. ಮೊಮ್ಮಗ ತೋರಿಸಿದ ಫೋಟೋ ಚೆಂದವಿತ್ತು: ಅಡಿಕೆ ಚಪ್ಪರದ ಕೆಳಗೆ ಕೂತು ನಗುತ್ತಿದ್ದರು, ಹೆಗಲ ಮೇಲೆ ಕೆಂಪು ಅಂಚಿನ ಪಂಚೆ. ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದರೆ ಕಣ್ಣಿನ ಜಾಗದಲ್ಲಿ ಬರೀ ಚೌಕ ಚೌಕ. ಅದು ಗ್ರೂಪಿನಲ್ಲಿ ಬಂದ ಪ್ರತಿ, ಉದ್ದಕ್ಕೆ 1600 ಪಿಕ್ಸೆಲ್ ಅಷ್ಟೆ. 18 ಇಂಚಿಗೆ ಎಳೆದರೆ ಇಂಚಿಗೆ 90 ಕೂಡ ಬರುವುದಿಲ್ಲ. ಅದೇ ಫೋನಿನಲ್ಲಿದ್ದ ಮೂಲ ಆಗಿದ್ದರೆ 4000, ಇಂಚಿಗೆ 220 ಬರುತ್ತಿತ್ತು. 'ಮೂಲ ಎಲ್ಲಿದೆ ತಮ್ಮಾ?' ಅಂದೆ. 'ಗ್ರೂಪಿಗೆ ಹಾಕಿದ್ನಲ್ಲ, ಅದಕ್ಕೆ ಡಿಲೀಟ್ ಮಾಡ್ದೆ' ಅಂದ. ಕೊನೆಗೆ 5 ಇಂಟು 7ರಲ್ಲಿ ಮಾಡಿ ದೊಡ್ಡ ಮೌಂಟ್ ಹಾಕಿ ಕೊಟ್ಟೆ.

ಹಾಗಾಗಿ 'ಮನೆಯವರಿಗೆ ವಾಟ್ಸ್ಆ್ಯಪ್ ಮಾಡಿಟ್ಟಿದ್ದೇನೆ' ಅನ್ನುವುದನ್ನು ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಹಾಗೆ ಕಳಿಸಿದ್ದು ಕುಗ್ಗುವುದಿಲ್ಲ. ಉಲ್ಟಾ ದಿಕ್ಕಿನಲ್ಲೂ ಒಂದು ತೊಡಕಿದೆ: ತವರಿನವರು ನಿಮಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಮಗಳ ಫೋಟೋಗಳು ಗೂಗಲ್ ಫೋಟೋಸ್‌ಗೆ ತಾವಾಗಿ ಹೋಗುವುದಿಲ್ಲ. ತಾನಾಗಿ ಹೋಗುವುದು ಕ್ಯಾಮೆರಾ ಫೋಲ್ಡರ್ ಮಾತ್ರ. ವಾಟ್ಸ್ಆ್ಯಪ್ ಫೋಲ್ಡರನ್ನು ಸೆಟ್ಟಿಂಗಿನಲ್ಲಿ ನೀವೇ ಆನ್ ಮಾಡಬೇಕು. ಆದರೆ ಆನ್ ಮಾಡಿದರೆ ಮಗಳ ಜೊತೆ ಊರಿನ ಶುಭೋದಯಗಳೆಲ್ಲ ಹತ್ತಿಕೊಂಡು ಹೋಗುತ್ತವೆ. ಬೇಕಾದ್ದನ್ನಷ್ಟೇ ಆರಿಸಿ ಕೈಯಾರೆ ಬ್ಯಾಕಪ್ ಒತ್ತುವುದು ಮೇಲು.

ಶುಭೋದಯ ಅಂದಾಗ ನೆನಪಾಯಿತು. ನಿಮ್ಮ ಫೋನಿನಲ್ಲಿ ತುರ್ತಾಗಿ ಜಾಗ ಬೇಕಿದ್ದರೆ ಮಗಳ ಫೋಟೋ ತಂಟೆಗೇ ಹೋಗಬೇಡಿ, ಮೊದಲು ಅಲ್ಲಿ ಕೈಹಾಕಿ. ವಾಟ್ಸ್ಆ್ಯಪ್ ಸೆಟ್ಟಿಂಗಿನಲ್ಲಿ 'ಸ್ಟೋರೇಜ್ ಆ್ಯಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್'. 5 ಎಂಬಿಗಿಂತ ದೊಡ್ಡವು ಒಂದು ಕಡೆ, ಹಲವು ಸಲ ಫಾರ್ವರ್ಡ್ ಆದವು ಇನ್ನೊಂದು ಕಡೆ ರಾಶಿ ಹಾಕಿರುತ್ತದೆ. ಯಾವ ಗ್ರೂಪು ಎಷ್ಟು ತಿಂದಿದೆ ಅಂತಲೂ ಕೆಳಗೆ ತೋರಿಸುತ್ತದೆ. ನಮ್ಮ ಮನೆಯವಳ ಫೋನಿನಲ್ಲಿ ಒಂದೇ ಕುಟುಂಬದ ಗ್ರೂಪು 9 ಜಿಬಿ ನುಂಗಿ ಕೂತಿತ್ತು, ಅದರಲ್ಲಿ ಪ್ರವಚನವೇ ಅರ್ಧ. ನೀವು ಕಳಿಸಿದ್ದರ ಇನ್ನೊಂದು ಪ್ರತಿ 'ಸೆಂಟ್' ಅನ್ನುವ ಫೋಲ್ಡರಿನಲ್ಲಿ ಅಡಗಿ ಕೂತಿರುತ್ತದೆ, ಫೈಲ್ ಮ್ಯಾನೇಜರಿನಲ್ಲಿ ಹುಡುಕಿ. ಆಮೇಲೆ ನಿಮ್ಮದೇ ವಿಡಿಯೋಗಳನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿ. ಫುಲ್ ಎಚ್‌ಡಿ ಒಂದು ನಿಮಿಷಕ್ಕೆ 100 ಎಂಬಿ ಆಚೀಚೆ ಆಗುತ್ತದೆ, 4ಕೆ ಇಟ್ಟುಕೊಂಡಿದ್ದರೆ 300 ದಾಟಬಹುದು. ಜೇಬಿನಲ್ಲಿ ತಾನೇ ಆನ್ ಆಗಿ ಕತ್ತಲೆಯನ್ನೇ ಹತ್ತು ನಿಮಿಷ ತೆಗೆದ ವಿಡಿಯೋ ಒಂದಾದರೂ ಸಿಗದೇ ಇರುವುದಿಲ್ಲ.

ಈಗ ಹಾರ್ಡ್ ಡಿಸ್ಕು, ಅಂದರೆ ಕಂಪ್ಯೂಟರಿಗೆ ಹೊರಗಿನಿಂದ ಚುಚ್ಚುವ ಡಿಸ್ಕು. ನನ್ನ ಮಟ್ಟಿಗೆ ಇದು ಬಿಡಲಾಗದ ಭಾಗ. ಫ್ರೀ ಅಪ್ ಬಟನ್ ಒತ್ತುವ ಮೊದಲೇ ಇದನ್ನು ಮಾಡಿ, ಒತ್ತಿದ ಮೇಲೆ ಅಲ್ಲ. ಯಾಕೆಂದರೆ ಈಗ ಮೂಲ ಫೋಟೋಗಳು ಫೋನಿನಲ್ಲಿವೆ, ಒಂದು ಕೇಬಲ್ ಹಾಕಿದರೆ ಆಯಿತು. ಆಮೇಲಾದರೆ ಗೂಗಲ್ ಟೇಕ್‌ಔಟ್ ಅನ್ನುವ ದಾರಿಯಲ್ಲಿ ಹೋಗಬೇಕು. ಅದು ಎಲ್ಲವನ್ನೂ ಜಿಪ್ ಕಟ್ಟಿ ತುಂಡು ತುಂಡಾಗಿ ಕೊಡುತ್ತದೆ, ಪ್ರತಿ ಫೋಟೋಗೂ ಪಕ್ಕದಲ್ಲಿ ತಾರೀಕು ಮುಂತಾದ ವಿವರದ ಒಂದೊಂದು ಜೇಸನ್ ಫೈಲು ಅಂಟಿಸಿರುತ್ತದೆ. ಅದೆಲ್ಲ ಡೌನ್‌ಲೋಡ್ ಆಗಿ ಮುಗಿಯಲು ನಮ್ಮೂರಿನ ನೆಟ್‌ವರ್ಕಿಗೆ ಒಂದು ಪಕ್ಷ ಬೇಕು.

ಫೋನಿಗೂ ಕಂಪ್ಯೂಟರಿಗೂ ಕೇಬಲ್ ಹಾಕಿದ ಮೇಲೆ ಫೋನಿನ ನೋಟಿಫಿಕೇಶನ್ನಿನಲ್ಲಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಕಂಪ್ಯೂಟರಿನಲ್ಲಿ ಫೋನಿನ ಡಿಸಿಐಎಂ (DCIM) ಫೋಲ್ಡರ್, ಅದರೊಳಗೆ ಕ್ಯಾಮೆರಾ. ಅದನ್ನು ಡಿಸ್ಕಿಗೆ ಕಾಪಿ ಮಾಡಿ, ಕಟ್ ಮಾಡಬೇಡಿ. ಕಟ್ ಮಾಡುವಾಗ ಕೇಬಲ್ ಅಲ್ಲಾಡಿದರೆ ಆ ಫೋಟೋ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅನ್ನುವ ಹಾಗಾಗಬಹುದು. ಎಂಟು ಸಾವಿರವನ್ನೂ ಒಂದೇ ಸಲಕ್ಕೆ ಎಳೆದರೆ ಮಧ್ಯದಲ್ಲಿ ನಿಂತುಬಿಡುವುದುಂಟು, ವರ್ಷ ವರ್ಷಕ್ಕೊಂದು ಫೋಲ್ಡರ್ ಮಾಡಿ ಸ್ವಲ್ಪ ಸ್ವಲ್ಪವೇ ಹಾಕಿ. ಮುಗಿದ ಮೇಲೆ ಎರಡೂ ಕಡೆ ಸಂಖ್ಯೆ ಒಂದೇ ಇದೆಯಾ ನೋಡಿ. ಅಲ್ಲಿಂದೊಂದು ಇಲ್ಲಿಂದೊಂದು ಹತ್ತು ಫೋಟೋ, ಎರಡು ವಿಡಿಯೋ ತೆರೆದು ನೋಡಿ. 'ಇಜೆಕ್ಟ್' ಕೊಟ್ಟು ತೆಗೆಯಿರಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಟೈಪ್ ಸಿ ಇರುವ ಪೆನ್‌ಡ್ರೈವ್ ಫೋನಿಗೇ ಚುಚ್ಚಿ ಕಾಪಿ ಮಾಡಬಹುದು, ಆದರೆ ಅದು ತಾತ್ಕಾಲಿಕ. ಪೆನ್‌ಡ್ರೈವು ಬೀಗದಕೈ ಗೊಂಚಲಿನಲ್ಲಿ ಓಡಾಡುವ ವಸ್ತು, ಅದರ ಮೇಲೆ ಭಾರ ಹಾಕಬೇಡಿ.

ಒಂದು ಡಿಸ್ಕು ಸಾಕಾ? ನನ್ನ ಅಂಗಡಿಯಲ್ಲೇ ಮೇಜಿನಿಂದ ಬಿದ್ದ ಒಂದು ಡಿಸ್ಕು ಟಿಕ್ ಟಿಕ್ ಅನ್ನುತ್ತಾ ಕಣ್ಣು ಮುಚ್ಚಿತು. ಅದರಲ್ಲಿ ಏಳು ಮದುವೆ ಇತ್ತು. ಇನ್ನೊಂದು ಡಿಸ್ಕಿನಲ್ಲೂ ಇತ್ತು ಅನ್ನುವ ಕಾರಣಕ್ಕೆ ನಾನು ಇನ್ನೂ ಇದೇ ಊರಿನಲ್ಲಿದ್ದೇನೆ. ಅದಕ್ಕೂ ಹಿಂದೆ ಡಿವಿಡಿಗೆ ಬರೆದಿಡುತ್ತಿದ್ದೆವು, ನಮ್ಮ ಮಲೆನಾಡಿನ ಆಷಾಢಕ್ಕೆ ಅವಕ್ಕೂ ಬೂಷ್ಟು ಹಿಡಿಯಿತು. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಅನ್ನುವ ಲೆಕ್ಕ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು: ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯಿಂದ ಹೊರಗೆ. ನಿಮಗೆ ಗೂಗಲ್ ಒಂದು, ನಿಮ್ಮ ಕಪಾಟಿನ ಡಿಸ್ಕು ಒಂದು, ತವರುಮನೆಯಲ್ಲಿ ಇಡುವ ಡಿಸ್ಕು ಒಂದು ಆದರೆ ಮುಗಿಯಿತು. ಹಬ್ಬಕ್ಕೆ ಹೋದಾಗ ಡಿಸ್ಕು ಅದಲು ಬದಲು ಮಾಡಿಕೊಂಡು ಬನ್ನಿ, ಹೊಸದನ್ನು ಸೇರಿಸಲು ಅದೇ ನೆಪ.

ಮೆಮೊರಿ ಕಾರ್ಡ್ ಹಾಕಿಸಿಕೊಳ್ಳಲಾ ಅಂದಿದ್ದಿರಿ. ಜಾಗಕ್ಕೆ ಸರಿ, ಭದ್ರತೆಗೆ ಅಲ್ಲ. ಫೋನು ಕಳೆದರೆ ಕಾರ್ಡೂ ಅದರ ಜೊತೆಗೇ ಹೋಗುತ್ತದೆ. 'ಇಂಟರ್ನಲ್ ಸ್ಟೋರೇಜ್' ಆಗಿ ಫಾರ್ಮ್ಯಾಟ್ ಮಾಡಿದ ಕಾರ್ಡಂತೂ ಬೇರೆ ಫೋನಿನಲ್ಲಿ ತೆರೆಯುವುದೂ ಇಲ್ಲ.

ನಿಮ್ಮ ತಂಗಿಯದು ಐಫೋನ್ ಅಂದಿರಿ. ಅಲ್ಲಿ ಐಕ್ಲೌಡ್ ಅನ್ನುವ ಆ್ಯಪಲ್‌ನ ಆನ್‌ಲೈನ್ ಜಾಗ ಪುಕ್ಕಟೆ 5 ಜಿಬಿ ಮಾತ್ರ. 'ಆಪ್ಟಿಮೈಸ್ ಐಫೋನ್ ಸ್ಟೋರೇಜ್' ಆನ್ ಮಾಡಿದರೆ ದೊಡ್ಡ ಪ್ರತಿ ಐಕ್ಲೌಡ್‌ನಲ್ಲಿ, ಸಣ್ಣದು ಫೋನಿನಲ್ಲಿ ಉಳಿಯುತ್ತದೆ. ಐಕ್ಲೌಡ್ ಫೋಟೋಸ್ ಆನ್ ಇರುವಾಗ ಅಳಿಸಿದರೆ ಅಲ್ಲೂ ಎರಡೂ ಕಡೆ ಹೋಗುತ್ತದೆ. ಬುಟ್ಟಿಯಲ್ಲಿ ಇರುವುದು 30 ದಿನ.

ಡಿಸ್ಕಿನ ಸಂಖ್ಯೆ ತಾಳೆಯಾಗಿ, ಇನ್ನೊಬ್ಬರ ಫೋನಿನಲ್ಲಿ ನಾಮಕರಣದ ವಿಡಿಯೋ ಓಡಿದ ಮೇಲೆ ಫ್ರೀ ಅಪ್ ಒತ್ತಿ. ಒತ್ತಿದ ಮರುಕ್ಷಣ ಫೋನಿನ ಗ್ಯಾಲರಿ ತೆರೆದರೆ ಬೋಳು ಬೋಳಾಗಿ ಕಾಣುತ್ತದೆ. ಗಾಬರಿಯಾಗಿ ಯಾರ್ಯಾರಿಗೋ ಫೋನ್ ಮಾಡಬೇಡಿ. ಫೋಟೋಗಳು ಇನ್ನು ಕಾಣುವುದು ಗೂಗಲ್ ಫೋಟೋಸ್ ಆ್ಯಪಿನಲ್ಲಿ, ನೆಟ್ ಇದ್ದಾಗ. ಪ್ರಿಂಟ್ ಹಾಕಿಸಲು ಮೊದಲು ಡೌನ್‌ಲೋಡ್ ಮಾಡಿಕೊಳ್ಳಬೇಕು. ಮನೆಯಲ್ಲೇ ಮಾಡಿಕೊಂಡು ಹೊರಡಿ. ನನ್ನ ಅಂಗಡಿಯೊಳಗೆ ಒಂದು ಕಡ್ಡಿ ನೆಟ್‌ವರ್ಕೂ ಸಿಗುವುದಿಲ್ಲ, ಬಂದವರೆಲ್ಲ ಫೋನು ಎತ್ತಿ ಹಿಡಿದುಕೊಂಡು ಎದುರಿನ ಅರಳಿಕಟ್ಟೆ ಹತ್ತುತ್ತಾರೆ.